ಆಫೀಸ್ 2024: ಮುಂಬಯಿಯ ಸಣ್ಣ ಕಚೇರಿಗೆ ಬೇಕೆ, ಬೇಕಾದರೆ ಎಷ್ಟು ಯಂತ್ರಕ್ಕೆ?

ಮೈಕ್ರೋಸಾಫ್ಟ್ ಆಫೀಸ್ 2016 ಮತ್ತು 2019, ಎರಡಕ್ಕೂ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 10ಕ್ಕೂ ಅದೇ ದಿನವೇ ಕೊನೆ. ಆಫೀಸ್ 2021 ಇರುವವರಿಗೆ 2026ರ ಅಕ್ಟೋಬರ್ 13ರ ತನಕ ಗಡುವು. ಮಾಟುಂಗದ ಹೋಟೆಲಿನ ಲೆಕ್ಕದ ಕೋಣೆ ಇರಲಿ, ಡೊಂಬಿವಲಿಯ ಸಿಎ ಕಚೇರಿ ಇರಲಿ, ನವಿ ಮುಂಬಯಿಯ ಟ್ರಾನ್ಸ್‌ಪೋರ್ಟ್ ಆಫೀಸು, ಕನ್ನಡ ಸಂಘದ ಕಚೇರಿ ಇರಲಿ, ಎಲ್ಲ ಕಡೆ ಈಗ ಕೇಳಿಬರುವ ಮಾತು ಒಂದೇ: ಹೊಸದು ಹಾಕಿಸಬೇಕೆ, ಇದ್ದದ್ದರಲ್ಲೇ ನಡೆಸಬಹುದೆ?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಆಫೀಸ್ 2024 ಒಳ್ಳೆಯ ಸರಕು. ಲೆಕ್ಕ ಬರೆಯುವ ಯಂತ್ರಕ್ಕೆ ಅದನ್ನು ಧೈರ್ಯವಾಗಿ ಹಾಕಿಸಿ. ಆದರೆ ಐದು ಕಂಪ್ಯೂಟರ್ ಇರುವ ಕಚೇರಿಗೆ ಐದು ಲೈಸೆನ್ಸ್ ಕೊಳ್ಳಬೇಕಾಗಿಲ್ಲ. ಯಾವ ಕುರ್ಚಿಯಲ್ಲಿ ಯಾರು ಕೂತು ಏನು ಕೆಲಸ ಮಾಡುತ್ತಾರೆ ಅನ್ನುವುದನ್ನು ನೋಡಿ ಕುರ್ಚಿಗೊಂದು ತೀರ್ಮಾನ ಮಾಡಿದರೆ ಖರ್ಚೂ ಉಳಿಯುತ್ತದೆ, ಕೆಲಸವೂ ನಿಲ್ಲುವುದಿಲ್ಲ. ಇಡೀ ಕಚೇರಿಗೆ ಒಂದೇ ಉತ್ತರ ಹುಡುಕಲು ಹೊರಟಾಗಲೇ ತೊಂದರೆ ಶುರುವಾಗುವುದು.

ಬೆಂಬಲ ಮುಗಿದರೆ ಆಗುವುದೇನು?

ಮಾರನೆಯ ದಿನ ವರ್ಡ್, ಎಕ್ಸೆಲ್ ನಿಂತುಬಿಡುವುದಿಲ್ಲ. ಫೈಲುಗಳು ಎಂದಿನಂತೆ ತೆರೆಯುತ್ತವೆ, ಪ್ರಿಂಟ್ ಬರುತ್ತದೆ. ನಿಲ್ಲುವುದು ಭದ್ರತೆಯ ಅಪ್‌ಡೇಟ್. ಆಮೇಲೆ ಯಾರಾದರೂ ವರ್ಡಿನಲ್ಲೋ ಎಕ್ಸೆಲಿನಲ್ಲೋ ಹೊಸ ಬಿರುಕು ಕಂಡುಹಿಡಿದರೆ ಅದನ್ನು ಮುಚ್ಚುವವರು ಇರುವುದಿಲ್ಲ. ಇಮೇಲಿನಲ್ಲಿ ಬರುವ ನಕಲಿ ಬಿಲ್ಲು, ನಕಲಿ ಕೊಟೇಶನ್, 'ಜಿಎಸ್‌ಟಿ ನೋಟಿಸ್' ಎಂಬ ಹೆಸರಿನ ಫೈಲು, ಇವೆಲ್ಲ ಅಂಥ ಬಿರುಕಿಗಾಗಿ ಕಾಯುವಂಥವು. ಆದ್ದರಿಂದ ಇಂಟರ್ನೆಟ್ಟೇ ಇಲ್ಲದ, ಹೊರಗಿನ ಫೈಲು ಬಾರದ ಯಂತ್ರದಲ್ಲಿ ಆಫೀಸ್ 2016 ಇನ್ನೂ ಸ್ವಲ್ಪ ಕಾಲ ಇರಬಹುದು. ಬ್ಯಾಂಕ್ ವ್ಯವಹಾರ, ಇಮೇಲು, ರಿಟರ್ನ್ ಎಲ್ಲ ಒಂದೇ ಯಂತ್ರದಲ್ಲಿ ನಡೆಯುತ್ತಿದ್ದರೆ ಅಲ್ಲಿ ಹಳೆಯದನ್ನು ಬಿಡುವುದು ಮೊದಲ ಕೆಲಸ.

ಇದಕ್ಕಿಂತ ಮೊದಲು ಯಂತ್ರವನ್ನೇ ನೋಡಬೇಕು. ಆಫೀಸ್ 2024 ವಿಂಡೋಸ್ 10 ಮತ್ತು 11ರಲ್ಲಿ ಓಡುತ್ತದೆ, ವಿಂಡೋಸ್ 7ರಲ್ಲಿ ಓಡುವುದಿಲ್ಲ. ಕಾಗದದ ಮೇಲೆ 4 ಜಿಬಿ ರ‍್ಯಾಮ್ ಸಾಕು ಎಂದಿದ್ದರೂ ಟ್ಯಾಲಿ, ಕ್ರೋಮ್, ಎಕ್ಸೆಲ್ ಒಟ್ಟಿಗೆ ತೆರೆದಿಡುವ ಕಚೇರಿಯಲ್ಲಿ 8 ಜಿಬಿ ಮತ್ತು ಎಸ್‌ಎಸ್‌ಡಿ ಇಲ್ಲದೆ ನೆಮ್ಮದಿ ಇಲ್ಲ. 10ರ ಬೆಂಬಲ ಮುಗಿದಿರುವುದರಿಂದ ಹೋಗಬೇಕಾದದ್ದು ವಿಂಡೋಸ್ 11ಕ್ಕೆ, ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಅಷ್ಟಿಲ್ಲದ ಯಂತ್ರಕ್ಕೆ ಹೊಸ ಆಫೀಸ್ ಹಾಕಿಸುವುದು ದುಡ್ಡು ದಂಡ. ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ಮೊದಲು ಯಂತ್ರ ಬದಲಿಸಿ, ಅಲ್ಲಿಯ ತನಕ ಉಚಿತ ತಂತ್ರಾಂಶದಲ್ಲಿ ಕೆಲಸ ನಡೆಸಿ.

ಎಕ್ಸೆಲಿನಲ್ಲಿ ನಿಜವಾದ ಲಾಭ

ವರ್ಡ್ ಮತ್ತು ಪವರ್‌ಪಾಯಿಂಟ್‌ಗಾಗಿ ಯಾರೂ ಹಣ ಕೊಡಬೇಕಾಗಿಲ್ಲ. ಪತ್ರ ಬರೆಯುವುದಕ್ಕೆ 2016ರ ವರ್ಡಿಗೂ 2024ರ ವರ್ಡಿಗೂ ಅಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಎಕ್ಸೆಲಿನಲ್ಲಿ.

ಎಕ್ಸ್‌ಲುಕಪ್, ಫಿಲ್ಟರ್, ಯೂನಿಕ್, ಸಾರ್ಟ್ ಎಂಬ ಸೂತ್ರಗಳು 2016ರಲ್ಲೂ ಇಲ್ಲ, 2019ರಲ್ಲೂ ಇಲ್ಲ, 2021ರಲ್ಲಿ ಬಂದವು. 2024ರಲ್ಲಿ ಲ್ಯಾಂಬ್ಡಾ, ಟೆಕ್ಸ್ಟ್‌ಸ್ಪ್ಲಿಟ್, ವಿಸ್ಟ್ಯಾಕ್ ಸೇರಿವೆ. ಖರೀದಿ ರಿಜಿಸ್ಟರನ್ನು ಜಿಎಸ್‌ಟಿ ಪೋರ್ಟಲಿನ 2ಬಿ (ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಜತೆ ತಾಳೆ ನೋಡುವವರಿಗೆ ಇದರ ಬೆಲೆ ತಕ್ಷಣ ತಿಳಿಯುತ್ತದೆ. ಪಟ್ಟಿಯಲ್ಲಿ ಹುಡುಕಿಕೊಡುವ ಹಳೇ ಸೂತ್ರ ವಿಲುಕಪ್‌ನಲ್ಲಿ ಹುಡುಕುವ ಕಾಲಂ ಎಡತುದಿಯಲ್ಲೇ ಇರಬೇಕು, ನಡುವೆ ಒಂದು ಕಾಲಂ ಸೇರಿಸಿದರೆ ಎಣಿಕೆ ತಪ್ಪುತ್ತದೆ. ಎಕ್ಸ್‌ಲುಕಪ್‌ಗೆ ಈ ಎರಡು ಕಾಟವೂ ಇಲ್ಲ, ಸಿಗದಿದ್ದರೆ ಏನು ತೋರಿಸಬೇಕು ಅನ್ನುವುದನ್ನೂ ಅದರೊಳಗೇ ಬರೆಯಬಹುದು. ವಿಸ್ಟ್ಯಾಕ್ ಇದ್ದರೆ ಹನ್ನೆರಡು ತಿಂಗಳ ಹಾಳೆಗಳನ್ನು ಒಂದರ ಕೆಳಗೊಂದು ಜೋಡಿಸಲು ಕಾಪಿ-ಪೇಸ್ಟ್ ಬೇಡ.

ಇನ್ನೊಂದು ಅನುಕೂಲ ಕಣ್ಣಿಗೆ ಬೀಳುವುದಿಲ್ಲ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಸ್ಥಾನಗಳನ್ನು ಮಾತ್ರ ನೆನಪಿಡುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಇರುವ ಸಿಎಸ್‌ವಿ ಫೈಲನ್ನು (ಅಲ್ಪವಿರಾಮ ಹಾಕಿ ಬರೀ ಅಕ್ಷರದಲ್ಲಿ ಉಳಿಸಿದ ಪಟ್ಟಿ) ನೇರವಾಗಿ ತೆರೆದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಆರಂಭದ ಸೊನ್ನೆಗಳು ಉದುರಿಹೋಗುತ್ತವೆ. ಸಂಬಳ ಹಾಕುವ ಪಟ್ಟಿಯಲ್ಲಿ ಹೀಗಾದರೆ ಹಣ ವಾಪಸ್ ಬರುತ್ತದೆ, ಇಲ್ಲವೇ ಬೇರೆಯವರ ಖಾತೆ ಸೇರುತ್ತದೆ. 2024ರಲ್ಲಿ ಫೈಲ್, ಆಪ್ಷನ್ಸ್, ಡೇಟಾ ಎಂಬಲ್ಲಿ ತನ್ನಿಂತಾನೇ ಬದಲಿಸುವ ಈ ಚಾಳಿಯನ್ನು ಆಫ್ ಮಾಡಲು ಟಿಕ್ ಗುರುತುಗಳಿವೆ. ಇನ್‌ಸ್ಟಾಲ್ ಆದ ಕೂಡಲೇ ಅವನ್ನು ತೆಗೆದುಬಿಡಿ.

ಕೆಡುವುದು ಎಲ್ಲಿ?

ಮೊದಲ ಪೆಟ್ಟು ಮ್ಯಾಕ್ರೊಗಳಿಗೆ, ಅಂದರೆ ಹಾಳೆಯೊಳಗೆ ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಮುಗಳಿಗೆ. 2022ರಿಂದ ಈಚೆಗೆ ಇಂಟರ್ನೆಟ್‌ನಿಂದ ಇಳಿಸಿದ ಫೈಲಿನ ಮ್ಯಾಕ್ರೊಗಳನ್ನು ಆಫೀಸ್ ತಡೆಹಿಡಿಯುತ್ತದೆ. ಹಿಂದೆ ಹಳದಿ ಪಟ್ಟಿ ಬಂದು 'ಎನೇಬಲ್ ಕಂಟೆಂಟ್' ಒತ್ತಿದರೆ ಮುಗಿಯುತ್ತಿತ್ತು. ಈಗ ಬರುವುದು ಕೆಂಪು ಪಟ್ಟಿ, ಅದರಲ್ಲಿ ಮ್ಯಾಕ್ರೊ ಓಡಿಸುವ ಗುಂಡಿಯೇ ಇರುವುದಿಲ್ಲ. ಜಿಎಸ್‌ಟಿಆರ್-9ರ ಆಫ್‌ಲೈನ್ ಹಾಳೆ, ಆದಾಯ ತೆರಿಗೆಯ ಎಕ್ಸೆಲ್ ಯುಟಿಲಿಟಿ ಎರಡೂ ಮ್ಯಾಕ್ರೊ ಮೇಲೆಯೇ ನಡೆಯುವಂಥವು. ಅವು ಜಿಪ್ ಆಗಿ ಇಳಿಯುತ್ತವೆ. ಜಿಪ್ ಬಿಚ್ಚುವ ಮುಂಚೆಯೇ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಕೆಳಗಿರುವ 'ಅನ್‌ಬ್ಲಾಕ್' ಪೆಟ್ಟಿಗೆಗೆ ಟಿಕ್ ಹಾಕಿ ಓಕೆ ಕೊಡಿ. ಆಮೇಲೆ ಬಿಚ್ಚಿ. ಮೊದಲೇ ಬಿಚ್ಚಿಬಿಟ್ಟರೆ ಜಿಪ್ಪಿನ ಗುರುತು ಒಳಗಿನ ಫೈಲಿಗೂ ಅಂಟಿಕೊಳ್ಳುತ್ತದೆ, ಆಗ ಆ ಫೈಲನ್ನೂ ಬೇರೆಯಾಗಿ ಅನ್‌ಬ್ಲಾಕ್ ಮಾಡಬೇಕು. ಸರ್ಕಾರಿ ಪೋರ್ಟಲಿನಿಂದ ನೀವೇ ಇಳಿಸಿದ ಫೈಲಿಗೆ ಮಾತ್ರ ಹೀಗೆ ಮಾಡಿ. ವಾಟ್ಸಾಪಿನಲ್ಲಿ ಬಂದದ್ದಕ್ಕೆ ಬೇಡ.

ಕಚೇರಿಯೊಳಗಿನ ಹಂಚಿಕೆ ಫೋಲ್ಡರಿನಲ್ಲೂ ಇದೇ ಬಲೆ ಇದೆ. ಮುಖ್ಯ ಯಂತ್ರವನ್ನು ಅದರ ಹೆಸರಿನಿಂದ ಕರೆದರೆ ವಿಂಡೋಸ್ ಅದನ್ನು ಮನೆಯೊಳಗಿನದು ಎಂದುಕೊಳ್ಳುತ್ತದೆ. 192.168 ಎಂದು ಶುರುವಾಗುವ ಐಪಿ ಸಂಖ್ಯೆಯಿಂದ ಕರೆದರೆ ಹೊರಗಿನ ಇಂಟರ್ನೆಟ್ ಎಂದುಕೊಂಡು ಮ್ಯಾಕ್ರೊ ತಡೆಯುತ್ತದೆ. ಹೊಸ ಆಫೀಸ್ ಹಾಕಿದ ಮೇಲೆ 'ಒಂದು ಯಂತ್ರದಲ್ಲಿ ಓಡುತ್ತದೆ, ಪಕ್ಕದ್ದರಲ್ಲಿ ಓಡುವುದಿಲ್ಲ' ಎಂಬ ದೂರು ಬಂದರೆ ಮೊದಲು ಶಾರ್ಟ್‌ಕಟ್ ಯಾವುದರಿಂದ ಮಾಡಿದ್ದಾರೆ ನೋಡಿ.

ಎರಡನೆಯದು 32-ಬಿಟ್, 64-ಬಿಟ್ ವಿಷಯ. ಹಳೇ ಕಚೇರಿಗಳ ಆಫೀಸ್ 2016 ಬಹುಮಟ್ಟಿಗೆ 32-ಬಿಟ್. 2019ರಿಂದ ಈಚೆಗೆ ತಾನಾಗಿ ಇನ್‌ಸ್ಟಾಲ್ ಆಗುವುದು 64-ಬಿಟ್. ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್ ಒತ್ತಿದರೆ ಮೇಲಿನ ಸಾಲಿನಲ್ಲೇ ಯಾವುದೆಂದು ಬರೆದಿರುತ್ತದೆ. ಟ್ಯಾಲಿಯಿಂದ ಓಡಿಬಿಸಿ ಎಂಬ ಸಂಪರ್ಕದ ಮೂಲಕ ನೇರವಾಗಿ ಎಕ್ಸೆಲಿಗೆ ಲೆಕ್ಕ ಎಳೆಯುವ ಹಾಳೆ ಇದ್ದರೆ ಡ್ರೈವರ್ ಮತ್ತು ಎಕ್ಸೆಲ್ ಎರಡೂ ಒಂದೇ ಬಿಟ್ಟಿನವಾಗಿರಬೇಕು, ಇಲ್ಲದಿದ್ದರೆ ಡ್ರೈವರೇ ಪಟ್ಟಿಯಲ್ಲಿ ಕಾಣುವುದಿಲ್ಲ. ಹಳೆಯ ಹಾಳೆಯಲ್ಲಿ ತಾರೀಖು ಆರಿಸುವ ಪುಟ್ಟ ಕ್ಯಾಲೆಂಡರ್ ಇಟ್ಟಿದ್ದರೆ ಅದು 64-ಬಿಟ್ಟಿನಲ್ಲಿ ಬರುವುದೇ ಇಲ್ಲ. ಸಾಲದ್ದಕ್ಕೆ ಆಫೀಸ್ 2024ರಲ್ಲಿ ಆ್ಯಕ್ಟಿವ್‌ಎಕ್ಸ್ ಎಂಬ ಹಳೇ ಬಗೆಯ ಗುಂಡಿಗಳನ್ನು ಮೊದಲೇ ನಿಲ್ಲಿಸಿಟ್ಟಿದ್ದಾರೆ, ಒತ್ತಿದರೆ ಏನೂ ಆಗುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಆ ಜಾಗದಲ್ಲಿ ಮಾಮೂಲಿ ಫಾರ್ಮ್ ಗುಂಡಿ ಇಟ್ಟು ಅದೇ ಮ್ಯಾಕ್ರೊ ಜೋಡಿಸಿದರೆ ಸರಿಹೋಗುತ್ತದೆ. ರೂಪಾಯಿಯನ್ನು ಅಕ್ಷರದಲ್ಲಿ ಬರೆದುಕೊಡುವ ಮ್ಯಾಕ್ರೊ ಅನೇಕರ ಬಿಲ್ಲಿನಲ್ಲಿ ಇರುತ್ತದೆ. ವಿಂಡೋಸಿನ ಒಳಗುಟ್ಟನ್ನು ಮುಟ್ಟದೆ ಬರೆದಿದ್ದರೆ ಅದು 64-ಬಿಟ್ಟಿನಲ್ಲೂ ನಡೆಯುತ್ತದೆ.

ಮೂರನೆಯದೇ ನಮ್ಮ ಪ್ರಕಾರ ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅದು ತಡವಾಗಿ ಗೊತ್ತಾಗುತ್ತದೆ. ಒಂದು ಯಂತ್ರಕ್ಕೆ 2024 ಬಂತು, ಉಳಿದವು 2016ರಲ್ಲೇ ಇವೆ ಅಂತಿಟ್ಟುಕೊಳ್ಳಿ. ಲೆಕ್ಕದವರು ಹಂಚಿಕೆ ಹಾಳೆಯಲ್ಲಿ ಎಕ್ಸ್‌ಲುಕಪ್ ಬರೆದರು. ಪಕ್ಕದವರು 2016ರಲ್ಲಿ ತೆರೆದಾಗ ಮೊತ್ತ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಅದು ಕಳೆದ ಸಲ ಲೆಕ್ಕ ಹಾಕಿ ಉಳಿಸಿದ ಉತ್ತರ. ಅವರು ದರವನ್ನೋ ಪ್ರಮಾಣವನ್ನೋ ತಿದ್ದಿ ಆ ಕೋಶ ಮತ್ತೆ ಲೆಕ್ಕಕ್ಕೆ ಬಂದ ಕ್ಷಣ 'ನೇಮ್' ದೋಷ ಬೀಳುತ್ತದೆ, ಅದರ ಮೇಲೆ ನಿಂತ ಎಲ್ಲ ಮೊತ್ತಗಳೂ ಕೆಡುತ್ತವೆ. ಅದನ್ನೇ ಸೇವ್ ಮಾಡಿದರಂತೂ ಮುಗಿಯಿತು. ಆದ್ದರಿಂದ ಎಲ್ಲ ಯಂತ್ರಕ್ಕೂ ಹೊಸದು ಬರುವ ತನಕ ಹಂಚಿಕೊಳ್ಳುವ ಹಾಳೆಯಲ್ಲಿ ವಿಲುಕಪ್ ಅಥವಾ ಇಂಡೆಕ್ಸ್-ಮ್ಯಾಚ್ ಮಾತ್ರ ಎಂದು ಗೋಡೆಗೆ ಬರೆದು ಅಂಟಿಸಿ. ಹೊಸ ಸೂತ್ರಗಳು ಸ್ವಂತ ಹಾಳೆಗೆ ಇರಲಿ. ಸೇವ್ ಮಾಡುವ ಮೊದಲು ಫೈಲ್, ಇನ್ಫೋ, 'ಚೆಕ್ ಫಾರ್ ಇಶ್ಯೂಸ್' ಒಳಗಿನ 'ಚೆಕ್ ಕಂಪ್ಯಾಟಿಬಿಲಿಟಿ' ಓಡಿಸಿದರೆ ಯಾವ ಕೋಶ ಹಳೆಯದರಲ್ಲಿ ನಡೆಯುವುದಿಲ್ಲ ಎಂದು ಅದೇ ಹೇಳುತ್ತದೆ.

ಹಳೇ ಸೂತ್ರಗಳ ನಡುವೆ ಅಟ್ ಚಿಹ್ನೆ ಕಾಣಿಸಿಕೊಂಡರೆ ಗಾಬರಿ ಬೇಡ. ಅದು ಹೊಸ ಎಕ್ಸೆಲಿನ ರೀತಿ, ಉತ್ತರ ಬದಲಾಗುವುದಿಲ್ಲ. ಅಳಿಸಲು ಹೋದರೆ ಉತ್ತರ ಕೆಳಗಿನ ಕೋಶಗಳಿಗೂ ಹರಡಿಕೊಳ್ಳಬಹುದು, ಅಲ್ಲಿ ಜಾಗ ಇಲ್ಲದಿದ್ದರೆ 'ಸ್ಪಿಲ್' ದೋಷ ಬರುತ್ತದೆ.

ಹೊಸ ಯಂತ್ರವೇ ಬಂದಾಗ ಇನ್ನೊಂದು ಕಡೆ ಎಡವುತ್ತಾರೆ. ವಿಂಡೋಸಿನ ಪ್ರದೇಶ ಅಮೆರಿಕ ಎಂದಿದ್ದರೆ 12,34,567 ಇರಬೇಕಾದದ್ದು 1,234,567 ಆಗುತ್ತದೆ. ಅದಾದರೂ ಕಣ್ಣಿಗೆ ಬೀಳುತ್ತದೆ. ಬೀಳದಿರುವುದು ತಾರೀಖು: ಬ್ಯಾಂಕಿನ ಸಿಎಸ್‌ವಿಯಲ್ಲಿ 05/04 ಎಂದರೆ ಏಪ್ರಿಲ್ 5. ಎಕ್ಸೆಲ್ ಅದನ್ನು ಮೇ 4 ಎಂದು ಓದಿಕೊಳ್ಳುತ್ತದೆ. 13ರಿಂದ ಮುಂದಿನ ತಾರೀಖುಗಳು ತಿಂಗಳಾಗಲು ಸಾಧ್ಯವಿಲ್ಲವಾದ್ದರಿಂದ ಬರೀ ಅಕ್ಷರವಾಗಿ ಎಡಕ್ಕೆ ಅಂಟಿ ನಿಲ್ಲುತ್ತವೆ. ಒಂದೇ ಕಾಲಂನಲ್ಲಿ ಕೆಲವು ತಾರೀಖು ಬಲಕ್ಕೆ, ಕೆಲವು ಎಡಕ್ಕೆ ಇದ್ದರೆ ಇದೇ ಕಾರಣ. ಕಂಟ್ರೋಲ್ ಪ್ಯಾನೆಲಿನ ರೀಜನ್‌ನಲ್ಲಿ ಇಂಗ್ಲಿಷ್ (ಇಂಡಿಯಾ) ಆರಿಸಿ, ಫೈಲನ್ನು ಮುಚ್ಚಿ ಮೊದಲಿನಿಂದ ತೆರೆಯಿರಿ. ಕೆಟ್ಟದ್ದನ್ನು ಕೈಯಿಂದ ತಿದ್ದಲು ಹೋಗಬೇಡಿ.

ಕನ್ನಡ ಮತ್ತು ಮರಾಠಿ ಕಡತಗಳು

ಸಂಘಗಳು, ವಾರ್ಷಿಕೋತ್ಸವದ ಸ್ಮರಣ ಸಂಚಿಕೆ ತರುವವರು, ಸಹಕಾರಿ ಸಂಸ್ಥೆಗಳವರು ಈ ಭಾಗವನ್ನು ನಿಧಾನವಾಗಿ ಓದಬೇಕು.

ನಿಮ್ಮ ಹಳೇ ಕಡತ ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿದ್ದರೆ ಅದರೊಳಗೆ ಇರುವುದು ಕನ್ನಡ ಅಕ್ಷರವೇ ಅಲ್ಲ, ಇಂಗ್ಲಿಷ್ ಸಂಕೇತಗಳಿಗೆ ತೊಡಿಸಿದ ಕನ್ನಡದ ಆಕಾರ. ಮುಂಬಯಿ, ಪುಣೆ ಕಡೆ ಮರಾಠಿ ಕಡತಗಳಲ್ಲೂ ಇದೇ ಕಥೆ: ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀ-ಲಿಪಿ, ಪುಣೆಯಲ್ಲೇ ಇರುವ ಸಿ-ಡ್ಯಾಕ್‌ನ ಸುರೇಖ್ ಫಾಂಟ್. ಹೊಸ ಯಂತ್ರಕ್ಕೆ ಆ ಫಾಂಟನ್ನು ಹಾಕದಿದ್ದರೆ ಇಡೀ ಪುಟ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಫಾಂಟ್ ಹಾಕಿದ ಮೇಲೂ ಹೊಸದಾಗಿ ಟೈಪ್ ಮಾಡುವಾಗ ವರ್ಡಿನ ಆಟೋಕರೆಕ್ಟ್ ಕೈಕೊಡುತ್ತದೆ. ವಾಕ್ಯದ ಮೊದಲಕ್ಷರವನ್ನು ಅದು ದೊಡ್ಡಕ್ಷರ ಮಾಡಿದರೆ ಕನ್ನಡದಲ್ಲಿ ಬೇರೆಯೇ ಅಕ್ಷರ ಮೂಡುತ್ತದೆ, ಉದ್ಧರಣ ಚಿಹ್ನೆಯನ್ನು ಬಾಗಿಸಿದರೂ ಅಷ್ಟೇ. ಹೊಸ ಇನ್‌ಸ್ಟಾಲಿನಲ್ಲಿ ಈ ಎರಡೂ ಟಿಕ್ ಮತ್ತೆ ಆನ್ ಆಗಿರುತ್ತವೆ. ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್‌ನಲ್ಲಿ ತೆಗೆಯಿರಿ.

ಆಫೀಸ್ ಬದಲಿಸುವ ಈ ಹೊತ್ತೇ ಎಲ್ಲವನ್ನೂ ಯುನಿಕೋಡಿಗೆ (ಎಲ್ಲ ಯಂತ್ರಗಳೂ ಗುರುತಿಸುವ ಅಕ್ಷರ ಸಂಕೇತಕ್ಕೆ) ತರಲು ಸರಿಯಾದ ಸಮಯ ಎಂದು ನಾವು ಬಲವಾಗಿ ಹೇಳುತ್ತೇವೆ. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ. ಮುಗಿದ ಮೇಲೆ ಅರ್ಕಾವತ್ತನ್ನು ತಪ್ಪದೆ ನೋಡಿ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಇದನ್ನು ಸರಿಯಾಗಿ ತಿರುಗಿಸದಿದ್ದರೆ 'ವರ್ಷ' ಹೋಗಿ 'ವಷರ್' ಆಗುತ್ತದೆ, 'ಕರ್ನಾಟಕ' ಹೋಗಿ 'ಕನಾರ್ಟಕ' ಆಗುತ್ತದೆ. ಸದಸ್ಯರ ಪಟ್ಟಿಯಲ್ಲಿ ಹೀಗಾದರೆ ಹೆಸರು ಹುಡುಕಿದಾಗ ಸಿಗುವುದಿಲ್ಲ. ಮೂಲ ಕಡತವನ್ನು ಅಳಿಸದೆ ಬೇರೆ ಫೋಲ್ಡರಿನಲ್ಲಿ ಪಿಡಿಎಫ್ ಸಮೇತ ಇಟ್ಟುಕೊಳ್ಳಿ.

ಯುನಿಕೋಡಿನಲ್ಲೇ ಇರುವ ಕಡತವೂ ಸ್ವಲ್ಪ ಅಲುಗಾಡುತ್ತದೆ. ಹಿಂದೆ ವಿಂಡೋಸಿನ ಜತೆಗೇ ಬರುತ್ತಿದ್ದ ತುಂಗಾ ಫಾಂಟ್ ವಿಂಡೋಸ್ 10ರಿಂದ ಐಚ್ಛಿಕ. ಅದಿಲ್ಲದ ಯಂತ್ರದಲ್ಲಿ ತುಂಗಾದಲ್ಲಿ ಬರೆದದ್ದನ್ನು ನಿರ್ಮಲಾ ಯುಐ ತೋರಿಸುತ್ತದೆ. ಸಾಲಿನ ಎತ್ತರ ಬದಲಾಗಿ ಎರಡು ಪುಟದ ಆಮಂತ್ರಣ ಬೇರೆ ಕಡೆ ಮುರಿಯುತ್ತದೆ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿದರೆ ತುಂಗಾ ವಾಪಸ್ ಬರುತ್ತದೆ. ಇಂಗ್ಲಿಷ್ ಕಡತದ ಮಟ್ಟಿಗೆ, ಆಫೀಸ್ 2024ರಲ್ಲಿ ಕ್ಯಾಲಿಬ್ರಿ ಬದಲು ಆಪ್ಟಾಸ್ ಮೊದಲ ಫಾಂಟಾಗಿದೆ. ನಿಮ್ಮ ಹೊಸ ಕಡತ ಹಳೇ ಆಫೀಸಿನವರ ಕೈಗೆ ಹೋದರೆ ಅಲ್ಲಿ ಆಪ್ಟಾಸ್ ಇಲ್ಲ, ಪುಟ ಕದಲುತ್ತದೆ. ಅಳತೆ ನೋಡಿ ಕೂರಿಸಿದ ಲೆಟರ್‌ಹೆಡ್ ಇದ್ದವರು ಮೊದಲ ದಿನವೇ ಕ್ಯಾಲಿಬ್ರಿಯನ್ನು ಡಿಫಾಲ್ಟ್ ಮಾಡಿಕೊಳ್ಳಲಿ.

ಪಬ್ಲಿಷರಿನಲ್ಲಿ ಕಾರ್ಯಕ್ರಮದ ಹಾಳೆ ಮಾಡುವವರಿಗೆ ಒಂದು ಎಚ್ಚರಿಕೆ: ಆಫೀಸ್ 2024ರಲ್ಲಿ ಪಬ್ಲಿಷರ್ ಇಲ್ಲ, ಚಂದಾದ ಮೈಕ್ರೋಸಾಫ್ಟ್ 365ರಲ್ಲೂ ಅದಕ್ಕೆ 2026ರ ಅಕ್ಟೋಬರ್ ಕೊನೆ. ಹಳೆಯ ಫೈಲುಗಳನ್ನು ಈಗಲೇ ಪಿಡಿಎಫ್ ಮಾಡಿಡಿ. ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನ ಡ್ರಾ ಅವನ್ನು ತೆರೆಯುತ್ತದೆ, ಜೋಡಣೆ ಮಾತ್ರ ಸ್ವಲ್ಪ ಆಚೀಚೆ ಆಗಬಹುದು.

2024, 365, ಲಿಬ್ರೆ: ಯಾವ ಕುರ್ಚಿಗೆ ಯಾವುದು?

ಆಫೀಸ್ ಹೋಮ್ ಅಂಡ್ ಬಿಸಿನೆಸ್ 2024 ಒಂದೇ ಸಲ ಹಣ ಕೊಟ್ಟು ಒಂದು ಯಂತ್ರಕ್ಕೆ ಹಾಕುವಂಥದ್ದು. ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್, ಒನ್‌ನೋಟ್, ಔಟ್‌ಲುಕ್ ಇವೆ, ಆ್ಯಕ್ಸೆಸ್ ಇಲ್ಲ. ಮೈಕ್ರೋಸಾಫ್ಟ್ 365 ಬಿಸಿನೆಸ್ ಸ್ಟ್ಯಾಂಡರ್ಡ್ ಚಂದಾ; ಅದರ ಲೆಕ್ಕ ಯಂತ್ರಕ್ಕಿಷ್ಟು ಎಂದಲ್ಲ, ಆಳಿಗಿಷ್ಟು ಎಂದು. ಒಬ್ಬರು ಐದು ಕಂಪ್ಯೂಟರ್ ತನಕ ಹಾಕಿಕೊಳ್ಳಬಹುದು, ಜತೆಗೆ 1 ಟಿಬಿ ಒನ್‌ಡ್ರೈವ್ ಸಿಗುತ್ತದೆ. ಬಿಸಿನೆಸ್ ಬೇಸಿಕ್ ಅಗ್ಗ, ಆದರೆ ಬ್ರೌಸರ್ ಮತ್ತು ಫೋನಿನಲ್ಲಿ ಮಾತ್ರ ನಡೆಯುತ್ತದೆ. ಕಂಪ್ಯೂಟರಿಗೆ ಎಕ್ಸೆಲ್ ಬೇಕೆಂದು ಅದನ್ನು ಕೊಂಡರೆ ಪ್ರಯೋಜನವಿಲ್ಲ.

ಯಂತ್ರಕ್ಕೋ ಆಳಿಗೋ ಎಂಬ ಈ ಭೇದ ಹೋಟೆಲಿನವರಿಗೆ ಬಹಳ ಮುಖ್ಯ. ಗಲ್ಲಾದ ಹಿಂದಿನ ಒಂದೇ ಕಂಪ್ಯೂಟರಿನಲ್ಲಿ ಬೆಳಿಗ್ಗೆಯ ಪಾಳಿಗೆ ಒಬ್ಬರು, ಸಂಜೆಗೆ ಇನ್ನೊಬ್ಬರು ಕೂರುತ್ತಾರೆ ಎಂದರೆ ಚಂದಾದಲ್ಲಿ ಇಬ್ಬರಿಗೂ ಕಟ್ಟಬೇಕು. 2024 ಆದರೆ ಒಂದು ಲೈಸೆನ್ಸ್ ಸಾಕು. ಮ್ಯಾನೇಜರ್ ಮಾತ್ರ ಅಂಗಡಿಯಲ್ಲೊಂದು, ಮನೆಯಲ್ಲೊಂದು, ಊರಿಗೆ ಹೋಗುವಾಗ ಲ್ಯಾಪ್‌ಟಾಪ್ ಎಂದು ಮೂರು ಕಡೆ ಕೆಲಸ ಮಾಡುವವರಾದರೆ ಅವರೊಬ್ಬರಿಗೆ ಚಂದಾ ತೆಗೆಸಿ. ಎರಡು ಮೂರು ಶಾಖೆಗಳ ದಿನದ ವಸೂಲಿಯನ್ನು ಎಲ್ಲರೂ ಒಂದೇ ಹಾಳೆಯಲ್ಲಿ ತುಂಬಬೇಕಿದ್ದರೂ 365 ಸರಿ. ಅದರ ಕುಂದು ಕೂಡ ತಿಳಿದಿರಲಿ: ಚಂದಾ ಕಟ್ಟುವುದು ನಿಂತರೆ ಫೈಲು ನೋಡಬಹುದು, ಪ್ರಿಂಟ್ ತೆಗೆಯಬಹುದು, ತಿದ್ದಲಾಗದು. 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ಟಿಗೆ ಸೇರಬೇಕು.

ಬಿಲ್ ನೋಡುವುದು, ದಾಸ್ತಾನು ಪಟ್ಟಿ ತುಂಬುವುದು, ಪತ್ರ ಬರೆಯುವುದು ಇಷ್ಟೇ ಇರುವ ಕುರ್ಚಿಗೆ ಲಿಬ್ರೆ ಆಫೀಸ್ ಧಾರಾಳ. ಉಚಿತ, ವ್ಯಾಪಾರದ ಬಳಕೆಗೂ ಅಡ್ಡಿಯಿಲ್ಲ, ಮೆನುಗಳು ಕನ್ನಡದಲ್ಲೂ ಸಿಗುತ್ತವೆ. 24.8ರ ಆವೃತ್ತಿಯಿಂದ ಎಕ್ಸ್‌ಲುಕಪ್, ಫಿಲ್ಟರ್ ಕೂಡ ಬಂದಿವೆ. ಹಾಕಿದ ಕೂಡಲೇ ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್, ಜನರಲ್ ಎಂಬಲ್ಲಿ ಸೇವ್ ಆಗುವ ಬಗೆಯನ್ನು ಎಕ್ಸೆಲ್ ಮತ್ತು ವರ್ಡಿನದಕ್ಕೆ ಬದಲಿಸಿ. ಇಲ್ಲವಾದರೆ ಸಿಎ ಕಡೆಗೆ ಹೋಗುವ ಫೈಲು ಬೇರೆ ರೂಪದಲ್ಲಿ ಹೋಗಿ ಫೋನ್ ಬರುತ್ತದೆ. ತೆರಿಗೆ ಯುಟಿಲಿಟಿಗಳು, ಪವರ್ ಕ್ವೆರಿ (ಎಕ್ಸೆಲಿಗೆ ಹೊರಗಿನ ಲೆಕ್ಕ ಎಳೆದುಕೊಳ್ಳುವ ಸೌಲಭ್ಯ) ಇರುವ ಹಾಳೆಗಳು ಇದರಲ್ಲಿ ನಡೆಯುವುದಿಲ್ಲ. ಆದ್ದರಿಂದ ರಿಟರ್ನ್ ತುಂಬುವ ಯಂತ್ರಕ್ಕೆ ಲಿಬ್ರೆಯೊಂದೇ ಸಾಲದು.

ದುಡ್ಡಿನ ಲೆಕ್ಕ

ಆಫೀಸ್ 2024ಕ್ಕೆ ಬೆಂಬಲ 2029ರ ಅಕ್ಟೋಬರ್ 9ರ ತನಕ. ನೀವು ಯಾವಾಗ ಕೊಂಡರೂ ಆ ತಾರೀಖು ಬದಲಾಗದು. 2026ರ ಏಪ್ರಿಲ್‌ನಲ್ಲಿ ಕೊಂಡರೆ 42 ತಿಂಗಳು ಸಿಗುತ್ತದೆ, 2027ರ ಏಪ್ರಿಲ್‌ನಲ್ಲಿ ಕೊಂಡರೆ 30, 2028ರಲ್ಲಾದರೆ ಬರೀ 18. ಅಂಗಡಿಯವರು ಹೇಳಿದ ಬೆಲೆಯನ್ನು ಉಳಿದ ತಿಂಗಳುಗಳಿಂದ ಭಾಗಿಸಿ, ಬಂದದ್ದನ್ನು ಚಂದಾದ ತಿಂಗಳ ದರದ ಪಕ್ಕ ಇಟ್ಟು ನೋಡಿ. 'ಲೈಫ್‌ಟೈಮ್' ಎಂಬ ಮಾತನ್ನು ನಂಬಿ ಈ ಭಾಗಾಕಾರ ಬಿಟ್ಟವರಿಗೆ ತಡವಾಗಿ ಕೊಂಡ ಲೈಸೆನ್ಸ್ ದುಬಾರಿ ಬೀಳುತ್ತದೆ.

ತಂತ್ರಾಂಶಕ್ಕೆ ಜಿಎಸ್‌ಟಿ ಶೇ. 18. ಸಿಎ ಕಚೇರಿ, ಟ್ರೇಡಿಂಗ್‌ನವರು ಇದನ್ನು ಇನ್‌ಪುಟ್ ಕ್ರೆಡಿಟ್‌ನಲ್ಲಿ ತೆಗೆದುಕೊಳ್ಳುತ್ತಾರೆ. ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ರೆಸ್ಟೋರೆಂಟಿಗೆ ಇನ್‌ಪುಟ್ ಇಲ್ಲ, ಆ ಶೇ. 18 ನೇರ ಖರ್ಚು. ಹಾಗಾಗಿ ಹೋಟೆಲಿನವರು ತೆರಿಗೆ ಸೇರಿಸಿದ ಬೆಲೆಯನ್ನೇ ಹೋಲಿಸಬೇಕು. ಆದಾಯ ತೆರಿಗೆಯಲ್ಲಿ ಚಂದಾ ಅದೇ ವರ್ಷದ ಖರ್ಚಾಗುತ್ತದೆ; ಒಂದೇ ಸಲ ಕೊಂಡದ್ದು ಸಾಮಾನ್ಯವಾಗಿ ಕಂಪ್ಯೂಟರ್ ಗುಂಪಿಗೆ ಸೇರಿ ಶೇ. 40ರ ಸವಕಳಿಗೆ ಹೋಗುತ್ತದೆ, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ.

ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ, ಪುಣೆಯ ತಿಲಕ್ ರೋಡಿನಲ್ಲಾಗಲಿ, ಆನ್‌ಲೈನಿನಲ್ಲಾಗಲಿ 'ಪ್ರೊಫೆಷನಲ್ ಪ್ಲಸ್ ಲೈಫ್‌ಟೈಮ್ ಕೀ' ಎಂದು ಕೆಲವು ನೂರು ರೂಪಾಯಿಗೆ ಕೊಟ್ಟರೆ ಬೇಡ ಎನ್ನಿ. ಪ್ರೊಫೆಷನಲ್ ಪ್ಲಸ್ 2024 ದೊಡ್ಡ ಸಂಸ್ಥೆಗಳಿಗೆ ಸಗಟಾಗಿ ಕೊಡುವ ಲೈಸೆನ್ಸ್, ಬಿಡಿಯಾಗಿ ಮಾರುವ ಸರಕಲ್ಲ. ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ನಿಲ್ಲಿಸಲು ಹೇಳಿದರಂತೂ ಅದು ಕಳ್ಳಮಾಲೇ. ಬಿಲ್ಲಿನಲ್ಲಿ 'ಹೋಮ್ ಅಂಡ್ ಬಿಸಿನೆಸ್ 2024' ಎಂದು ಪೂರ್ತಿ ಹೆಸರಿರಬೇಕು, ನಿಮ್ಮ ಜಿಎಸ್‌ಟಿ ನಂಬರ್ ಇರಬೇಕು, ಹಾಕಿದ ಮೇಲೆ ಫೈಲ್, ಅಕೌಂಟ್‌ನಲ್ಲೂ ಅದೇ ಹೆಸರು ಕಾಣಬೇಕು. ಲ್ಯಾಪ್‌ಟಾಪಿನ ಜತೆ ಬರುತ್ತಿದ್ದ ಹೋಮ್ ಅಂಡ್ ಸ್ಟೂಡೆಂಟ್ 2021 ವ್ಯಾಪಾರದ ಬಳಕೆಗಲ್ಲ, ಅದರಲ್ಲಿ ಔಟ್‌ಲುಕ್ ಕೂಡ ಇಲ್ಲ.

ಬದಲಿಸುವ ದಿನ

ತಿಂಗಳ 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, 20ಕ್ಕೆ ಜಿಎಸ್‌ಟಿಆರ್-3ಬಿ. ಹಾಗಾಗಿ 21ರಿಂದ 27ರೊಳಗಿನ ಶನಿವಾರವೇ ಸರಿ. ಮಾರ್ಚ್, ಜುಲೈ, ಸೆಪ್ಟೆಂಬರ್ ತಿಂಗಳುಗಳನ್ನು ಮುಟ್ಟಬೇಡಿ. ಒಂದೇ ಯಂತ್ರದಲ್ಲಿ ಹಳೆಯದು, ಹೊಸದು ಎರಡನ್ನೂ ಇಟ್ಟುಕೊಳ್ಳುವ ಯೋಚನೆ ಬೇಡ, ಒಂದು ಇನ್ನೊಂದನ್ನು ಕೆಡಿಸುತ್ತದೆ. ಮೊದಲು ಲೆಕ್ಕದ ಒಂದು ಯಂತ್ರಕ್ಕೆ ಹಾಕಿ ಪೂರ್ತಿ ಒಂದು ರಿಟರ್ನ್ ಸುತ್ತು ಮುಗಿಸಿ: ಟ್ಯಾಲಿಯಿಂದ ಎಕ್ಸ್‌ಪೋರ್ಟ್, 2ಬಿ ತಾಳೆ, ಸಂಬಳದ ಬ್ಯಾಂಕ್ ಫೈಲು, ಚೆಕ್ ಪ್ರಿಂಟ್, ಕನ್ನಡ ಪತ್ರ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದ್ದರೆ ಚೆಕ್ಕಿಗೆ ಮುಂಚೆ ಬಿಳಿ ಹಾಳೆಯ ಮೇಲೆ ಹೊಡೆದು ಚೆಕ್ಕಿನ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ. ಇಷ್ಟೂ ಸರಿಬಂದ ಮೇಲೆ ಉಳಿದ ಯಂತ್ರಗಳಿಗೆ ಕೈಹಾಕಿ.

ಹಳೆಯದನ್ನು ತೆಗೆಯುವ ಮೊದಲು ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಕಾದವು ಫೈಲುಗಳಷ್ಟೇ ಅಲ್ಲ. ವರ್ಡಿನ ನಾರ್ಮಲ್ ಟೆಂಪ್ಲೇಟ್, ಎಕ್ಸೆಲಿನ ಪರ್ಸನಲ್ ವರ್ಕ್‌ಬುಕ್, ಔಟ್‌ಲುಕ್‌ನ ಇಮೇಲುಗಳಿರುವ ಪಿಎಸ್‌ಟಿ ಫೈಲು, ಸಹಿಗಳ ಫೋಲ್ಡರ್, ಕಸ್ಟಮ್ ನಿಘಂಟು ಇವು ಬಳಕೆದಾರರ ಆ್ಯಪ್‌ಡೇಟಾ ಮತ್ತು ಡಾಕ್ಯುಮೆಂಟ್ಸ್ ಒಳಗೆ ಅಡಗಿರುತ್ತವೆ. ಯಂತ್ರವೇ ಬದಲಾದಾಗ ಹೆಚ್ಚಾಗಿ ಕಳೆದುಹೋಗುವುದು ಇವೇ. ಪಿಎಸ್‌ಟಿ ಕಾಪಿ ಮಾಡುವಾಗ ಔಟ್‌ಲುಕ್ ಮುಚ್ಚಿರಬೇಕು. ಹಳೆಯ ಆ್ಯಡ್-ಇನ್ ಬಳಸುವವರು ಹೊಸ ವಿಂಡೋಸಿನ ಜತೆ ಬರುವ 'ನ್ಯೂ ಔಟ್‌ಲುಕ್' ಬದಲು ಆಫೀಸಿನೊಳಗಿನ ಕ್ಲಾಸಿಕ್ ಔಟ್‌ಲುಕ್ಕನ್ನೇ ಇಟ್ಟುಕೊಳ್ಳಿ, ಹೊಸದರಲ್ಲಿ ಆ ಬಗೆಯ ಆ್ಯಡ್-ಇನ್ ನಡೆಯುವುದಿಲ್ಲ.

ಲೈಸೆನ್ಸ್ ಯಾವ ಮೈಕ್ರೋಸಾಫ್ಟ್ ಖಾತೆಗೆ ಸೇರುತ್ತದೆ ಅನ್ನುವುದನ್ನು ಇನ್‌ಸ್ಟಾಲ್ ಮಾಡಲು ಬಂದ ಹುಡುಗನಿಗೆ ಬಿಡಬೇಡಿ. ಅವನ ಅಥವಾ ಗುಮಾಸ್ತರ ಸ್ವಂತ ಜಿಮೇಲಿಗೆ ಸೇರಿದರೆ ಅವರು ಕೆಲಸ ಬಿಟ್ಟ ದಿನ ನಿಮ್ಮ ಲೈಸೆನ್ಸೂ ಅವರ ಜತೆ ಹೋಗುತ್ತದೆ. ಹಾರ್ಡ್ ಡಿಸ್ಕ್ ಕೆಟ್ಟು ಮತ್ತೆ ಹಾಕಬೇಕಾದಾಗ ಪಾಸ್‌ವರ್ಡ್ ಕೇಳಲು ಯಾರೂ ಇರುವುದಿಲ್ಲ. ಕಚೇರಿಯ ಹೆಸರಿನಲ್ಲೇ ಒಂದು ಖಾತೆ ತೆರೆದು, ಅದಕ್ಕೆ ಮಾಲೀಕರ ಫೋನ್ ನಂಬರ್ ಜೋಡಿಸಿ, ಯಾವ ಕೀ ಯಾವ ಯಂತ್ರಕ್ಕೆ ಹೋಯಿತು ಎಂದು ತಾರೀಖು ಸಮೇತ ಬಿಲ್ಲಿನ ಹಿಂಬದಿಯಲ್ಲೇ ಬರೆದು ಫೈಲಿಗೆ ಹಾಕಿ.